ಬಲಗಡೆಯ ಸುರುಳಿ

ಅಪ್ಪನ ಕೈಯನ್ನು ನೋಡಬಾರದು ಎಂದುಕೊಂಡೇ ಆಮ್ರಪಾಲಿ ನೋಡುತ್ತಿದ್ದಳು. ಮೂಡಲಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಾಯಪ್ಪನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ವಾರ್ನಿಶ್‌ ವಾಸನೆ, ಗೋಡೆಗೆ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಹೊಟ್ಟೆ ಬಿಚ್ಚಿಸಿಕೊಂಡು ಸಾಲಾಗಿ ಕೂತ ಪಂಪ್‌ಸೆಟ್ ಮೋಟಾರುಗಳು. ಮಾಯಪ್ಪ ಸುತ್ತುವ ಯಂತ್ರದ ಹಿಡಿಯನ್ನು ಒಂದು ಕೈಯಿಂದ ತಿರುಗಿಸುತ್ತ, ಇನ್ನೊಂದು ಕೈಯ ಬೆರಳ ಸಂದಿಯಿಂದ ತಾಮ್ರದ ತಂತಿಯನ್ನು ಬಿಡುತ್ತಿದ್ದ. ಆ ತಂತಿ ಯಾವ ಕಡೆಯಿಂದ ಯಾವ ಕಡೆಗೆ ಸುತ್ತಿಕೊಳ್ಳುತ್ತಿದೆ ಎಂಬುದು ಅವಳಿಗೆ ಬೇಕಾಗಿತ್ತು. ಶಾಲೆ ಬಿಟ್ಟ ಮೇಲೆ ಇದೇ ಕಟ್ಟೆಯ ಮೇಲೆ ಕೂತು, ಕತ್ತರಿಸಿ ಬಿಸಾಕಿದ ತಂತಿಯ ತುಂಡುಗಳನ್ನು ಪೆನ್ನಿಗೆ ಸುತ್ತುತ್ತ ಬೆಳೆದವಳು ಅವಳು. ಅಪ್ಪನ ಕೈ ಗೊತ್ತಾದರೆ ತನ್ನ ಕೈ ಗೊತ್ತಾಗುತ್ತದೆ ಎಂಬುದು ಅವಳ ಲೆಕ್ಕ. ಆದರೆ ಅಪ್ಪ ಒಂದನ್ನು ಹೀಗೆ, ಇನ್ನೊಂದನ್ನು ಹಾಗೆ ಸುತ್ತುತ್ತಿದ್ದ. ಸ್ಟೂಲಿನ ಮೇಲೆ ಬಿದ್ದಿದ್ದ ದಾರವನ್ನು ತೆಗೆದುಕೊಂಡು ತನ್ನ ತೋರುಬೆರಳಿಗೆ ಸುತ್ತಲು ಹೋದಳು. ತಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೆ ಕೈ ನಿಂತುಬಿಟ್ಟಿತು. ಮನೆಗೆ ಬಂದಾಗಿನಿಂದ ಹೀಗೇ ನಡೆದಿತ್ತು.

ಬೆಳಿಗ್ಗೆ ಏಳುವಷ್ಟರಲ್ಲಿ ಸುಜಾತಾ ಮೇಡಂ ಅವರ ಮೇಲ್ ಬಂದಿತ್ತು. ಮೇಡಂ ಅವಳ ಪಿಎಚ್.ಡಿ. ಗೈಡು. ಪ್ರಬಂಧ ಸಿದ್ಧವಾಗಿದೆ, ಸಂಜೆ ವಿಜ್ಞಾನ ಪತ್ರಿಕೆಗೆ ಕಳಿಸುತ್ತೇನೆ, ಒಪ್ಪಿಗೆ ಅಂತ ಒಂದು ಸಾಲು ಬರೆದು ಹಾಕು, ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು. ಇಷ್ಟೇ. ಸೀನಿಯರ್ ಗುರುರಾಜ ಆಗಲೇ ಒಪ್ಪಿಗೆ ಬರೆದು ಹಾಕಿದ್ದ. ಉಳಿದವಳು ಇವಳೊಬ್ಬಳು. ಪ್ರಯೋಗಾಲಯದ ನಿರ್ವಾತ ಪಂಪು ರಿಪೇರಿಗೆ ಹೋಗಿದ್ದರಿಂದ ಸಿಕ್ಕ ರಜೆಯಲ್ಲಿ ಊರಿಗೆ ಬಂದಿದ್ದಳು, ಇಲ್ಲದಿದ್ದರೆ ಅಲ್ಲೇ ಮೇಡಂ ಎದುರಿಗೆ ನಿಂತು ಹೂಂ ಅಂದು ಇಷ್ಟೊತ್ತಿಗೆ ಮುಗಿದಿರುತ್ತಿತ್ತು. ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ಫೋನನ್ನು ತೆರೆದಳು, ಒಂದು ಅಕ್ಷರ ಒತ್ತಿದಳು, ಅಳಿಸಿದಳು, ಮಗುಚಿ ಇಟ್ಟಳು.

ಅಲ್ಲಿ, ದೂರದ ಊರಿನ ಆ ಲ್ಯಾಬಿನಲ್ಲಿ, ಆಳೆತ್ತರದ ಸ್ಟೀಲಿನ ಪಾತ್ರೆಯೊಂದು ಅಡ್ಡಲಾಗಿ ಮಲಗಿದೆ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಎರಡು ತುದಿಗಳಿಂದ ಎರಡು ಗನ್ನುಗಳು ಒಂದಕ್ಕೊಂದು ಮುಖ ಮಾಡಿ ಪ್ಲಾಸ್ಮಾವನ್ನು ಉಗುಳುತ್ತವೆ. ಪ್ಲಾಸ್ಮಾ ಎಂದರೆ ವಿದ್ಯುತ್ತಿನಿಂದ ಕಾಯ್ದು ಕಾಯ್ದು, ಕಣಗಳಿಂದ ಎಲೆಕ್ಟ್ರಾನುಗಳೇ ಕಿತ್ತು ಹೋದ ಅನಿಲ. ಅದು ಹರಿಯುವಾಗ ತನ್ನ ಕಾಂತಕ್ಷೇತ್ರವನ್ನು ತಾನೇ ಹೊತ್ತುಕೊಂಡು ಹೋಗುತ್ತದೆ, ಎಲ್ಲೂ ಇಳಿಸುವುದಿಲ್ಲ. ಎಡದ ಹರಿವು, ಬಲದ ಹರಿವು, ನಡುವೆ ಡಿಕ್ಕಿ. ಎರಡೂ ಹೊತ್ತು ತಂದ ಕ್ಷೇತ್ರಗಳು ಒಂದೇ ದಿಕ್ಕಿನವಾಗಿದ್ದರೆ ನಡುವೆ ಒತ್ತಿಕೊಂಡು ಗೋಡೆಯಾಗುತ್ತವೆ, ಎರಡೂ ಹರಿವುಗಳು ಆ ಗೋಡೆಗೆ ಬಡಿದು ನಿಲ್ಲುತ್ತವೆ. ವಿರುದ್ಧ ದಿಕ್ಕಿನವಾಗಿದ್ದರೆ ಒಂದನ್ನೊಂದು ಅಳಿಸಿ, ಹರಿದು ಮತ್ತೆ ಜೋಡಿಸಿಕೊಂಡು, ಪ್ಲಾಸ್ಮಾವನ್ನು ಪಕ್ಕಕ್ಕೆ ಎಸೆಯುತ್ತವೆ. ಮೇಡಂ ಅವರಿಗೆ ಬೇಕಾಗಿದ್ದುದು ಗೋಡೆ. ಗೋಡೆ ಆಗುತ್ತದೆ ಎಂದು ನಾಲ್ಕು ವರ್ಷಗಳಿಂದ ಬರೆಯುತ್ತ, ಹೇಳುತ್ತ ಬಂದಿದ್ದರು. ಪ್ರತಿ ಸಲ ಮೊದಲು ಎಡದ ಗನ್ ಒಂದನ್ನೇ ಹಾರಿಸಬೇಕು, ಆಮೇಲೆ ಬಲದ್ದೊಂದನ್ನೇ, ಆಮೇಲೆ ಎರಡನ್ನೂ ಕೂಡಿಸಿ. ಒಬ್ಬೊಬ್ಬರೇ ಇದ್ದಾಗ ಏನು ಮಾಡುತ್ತಾರೆ ಎಂದು ಗೊತ್ತಿಲ್ಲದೆ ಇಬ್ಬರ ಜಗಳದ ಬಗ್ಗೆ ಮಾತಾಡಬಾರದು ಎಂದು ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದರು. ಒಳ್ಳೆಯ ಪಾಠವೇ. ಆಮ್ರಪಾಲಿ ಅದನ್ನು ಮರೆತಿರಲಿಲ್ಲ.

ಕ್ಷೇತ್ರದ ದಿಕ್ಕನ್ನು ಹೇಳುವುದು ಎರಡು ಸಣ್ಣ ತಾಮ್ರದ ಸುರುಳಿಗಳು, ಎಡಕ್ಕೊಂದು, ಬಲಕ್ಕೊಂದು. ಎಡಗಡೆಯದನ್ನು ಗುರುರಾಜ ಸುತ್ತಿದ್ದು, ಹಳೆಯದು, ನಾಲ್ಕು ವರ್ಷಗಳಿಂದ ಅದರಲ್ಲೇ ಅಳೆಯುತ್ತಿದ್ದರು. ಬಲಗಡೆಯದನ್ನು ಆಮ್ರಪಾಲಿ ಸುತ್ತಿದ್ದಳು. ಹೊಸ ಸುರುಳಿ ಹಾಕಿ ಶಾಟ್ ಹಾರಿಸಿದಾಗ ಕಂಪ್ಯೂಟರಿನಲ್ಲಿ ಎಡದ ಸುರುಳಿಯ ಗೆರೆ ಮೇಲಕ್ಕೆ, ಬಲದ ಗೆರೆ ಕೆಳಕ್ಕೆ ಹೋಯಿತು. ಎಷ್ಟು ಸಲ ಹಾರಿಸಿದರೂ ಹಾಗೆಯೇ. ಕೊನೆಯ ಶಾಟಿನಲ್ಲಿ ಬಲಗಡೆಯ ಸುರುಳಿ ಸುಟ್ಟು ಕರಕಲಾಯಿತು. ಸುರುಳಿಗಳನ್ನು ಮೊದಲೇ ಪರೀಕ್ಷಿಸಿರಲಿಲ್ಲವೆಂದಲ್ಲ. ಎಷ್ಟು ಜೋರಾದ ಸಿಗ್ನಲ್ ಕೊಡುತ್ತವೆ ಎಂದು ನೋಡಿದ್ದರು, ಯಾವ ದಿಕ್ಕಿಗೆ ಎಂಬುದನ್ನು ಸುರುಳಿ ಸುತ್ತುವ ನಕ್ಷೆಯನ್ನು ನಂಬಿ ಬಿಟ್ಟಿದ್ದರು. ವಾರದ ಮೀಟಿಂಗಿನಲ್ಲಿ ಗೆರೆಗಳನ್ನು ಪರದೆಯ ಮೇಲೆ ಹಾಕಿದಾಗ ಎಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ಕನ್ನಡಕ ತೆಗೆದು ಒರೆಸಿದರು. ಬಲಗಡೆಯದು ಉಲ್ಟಾ ಸುತ್ತಿದೆ ಅಂದ ಗುರುರಾಜ, ಅವಸರವೇ ಇಲ್ಲದ ದನಿಯಲ್ಲಿ. ಆಗ ಮೇಡಂ ಮುಖದಲ್ಲಿ ಬಿಡುಗಡೆಯಂಥದೊಂದು ನಗೆ ಬಂತು. ಮೇಡಂ ಕೆಟ್ಟವರಲ್ಲ. ಜ್ವರ ಬಂದಾಗ ಅವಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಆ ಸಲುಗೆಯಲ್ಲೇ ಅಂದರು:

“ನಿಮ್ಮ ಮನೇಲಿ ಮೋಟಾರ್ ಸುತ್ತೋದಲ್ವಾ ಆಮ್ರಪಾಲಿ? ಮೋಟಾರಿಗೇನು, ಯಾವ ಕಡೆ ತಿರುಗಿದ್ರೂ ನೀರು ಬರುತ್ತೆ. ಇಲ್ಲಿ ಹಾಗಲ್ಲಮ್ಮ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಬರೀ ನಕ್ಕಿದ್ದಲ್ಲ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕಿದ್ದಳು. ಮೀಟಿಂಗ್ ಮುಗಿಯುವ ಮುಂಚೆ, ಬಲದ ಗೆರೆಯ ಚಿಹ್ನೆಯನ್ನು ತಿರುವಿ ಹಾಕಿಬಿಡುತ್ತೇನೆ ಎಂದು ತಾನೇ ಮುಂದಾಗಿ ಹೇಳಿದಳು. ಕಂಪ್ಯೂಟರಿನಲ್ಲಿ ಒಂದು ಸಣ್ಣ ಅಡ್ಡಗೆರೆ ಸೇರಿಸಿದರೆ ಆಯಿತು, ಕೆಳಗೆ ಹೋದದ್ದು ಮೇಲೆ ಬಂತು, ಎರಡೂ ಒಂದೇ ದಿಕ್ಕಾದವು, ಗೋಡೆ ಎದ್ದಿತು. ಎಲ್ಲರೂ ಚಹ ಕುಡಿಯಲು ಹೋದರು. ತನ್ನ ಕೈ ತಪ್ಪಿದೆ ಎಂದು ಅಷ್ಟು ಸಲೀಸಾಗಿ ಹೇಗೆ ಒಪ್ಪಿಕೊಂಡೆ ಎಂದು ಈಗ ಅಪ್ಪನ ಅಂಗಡಿಯಲ್ಲಿ ಕೂತು ಯೋಚಿಸಿದರೆ, ಆವತ್ತು ಒಂದು ಥರದ ಹಿತವೇ ಆಗಿತ್ತು ಎಂಬುದು ನೆನಪಾಗುತ್ತದೆ. ಕೊನೆಗೂ ಸಿಕ್ಕಿಬಿದ್ದೆ ಎಂಬ ಹಿತ. ಇಷ್ಟು ವರ್ಷ ಯಾರಾದರೂ ಇದನ್ನು ಹೇಳುತ್ತಾರೆ ಎಂದು ಕಾದಿದ್ದವಳ ಹಾಗೆ ಇದ್ದಳು.

ಅವಳು ಜೊತೆಗೆ ತಂದಿದ್ದ ಚಷ್ಮಾದ ಡಬ್ಬಿಯಲ್ಲಿ ಇನ್ನೊಂದು ಸುರುಳಿ ಇತ್ತು. ಸುಟ್ಟುಹೋದದ್ದನ್ನು ಸುತ್ತಿದ ದಿನವೇ, ಅದೇ ಕೂತ ಜಾಗದಲ್ಲಿ, ಅದೇ ಕೈಯಿಂದ ಸುತ್ತಿದ್ದು. ಇವಳ ಕೈ ಆವತ್ತು ಹೇಗೆ ನಡೆದಿತ್ತೋ ಅದಕ್ಕೆ ಉಳಿದ ಸಾಕ್ಷಿ ಅದೊಂದೇ. ಮೇಲೆ ಬಿಳಿ ಅಂಟು ಹಚ್ಚಿ ಒಣಗಿಸಿದ್ದರಿಂದ ಸುತ್ತು ಹೊರಗೆ ಕಾಣುವುದಿಲ್ಲ, ಎರಡು ತುದಿಗಳು ಮಾತ್ರ ಕಾಣುತ್ತವೆ, ಒಂದಕ್ಕೆ ಕೆಂಪು ಚುಕ್ಕೆ. ಪರೀಕ್ಷೆ ಏನೂ ದೊಡ್ಡದಲ್ಲ. ಒಂದು ಬ್ಯಾಟರಿ, ಒಂದು ದಿಕ್ಸೂಚಿ. ಕೆಂಪು ತುದಿಗೆ ಬ್ಯಾಟರಿಯ ಧನವನ್ನು ಕೊಟ್ಟಾಗ ಸುರುಳಿಯ ಮುಖ ಉತ್ತರ ಧ್ರುವವಾಗಬೇಕು ಎಂದು ನಕ್ಷೆಯಲ್ಲಿದೆ. ಹಾಗಾದರೆ ಸೂಜಿಯ ಉತ್ತರದ ತುದಿ ದೂರ ಸರಿಯುತ್ತದೆ. ಆಗದಿದ್ದರೆ ಹತ್ತಿರ ಬರುತ್ತದೆ. ಹತ್ತನೇ ಇಯತ್ತೆಯ ಹುಡುಗರು ಮಾಡುವ ಕೆಲಸ. ಮನೆಗೆ ಬಂದಾಗಿನಿಂದ ಮಾಡಿರಲಿಲ್ಲ. ಅಂಗಡಿಯ ತುಂಬ ಕಬ್ಬಿಣ, ಇಲ್ಲಿ ಸೂಜಿ ನಿಲ್ಲುವುದಿಲ್ಲ ಎಂಬುದು ತನಗೆ ತಾನೇ ಕೊಟ್ಟುಕೊಂಡ ನೆವ. ಮನೆಯ ಅಂಗಳದಲ್ಲಿ ಕಬ್ಬಿಣವಿರಲಿಲ್ಲ. ಸೂಜಿ ಹತ್ತಿರ ಬಂದರೆ ಅವರು ನಕ್ಕಿದ್ದು ಸರಿ, ತಾನು ಅವರು ಅಂದುಕೊಂಡವಳೇ. ದೂರ ಸರಿದರೆ ಮೇಡಂ ಎದುರು ನಿಂತು ಮಾತಾಡಬೇಕು. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದಳೆಂದು ಅವಳಿಗೇ ಗೊತ್ತಿರಲಿಲ್ಲ.

ಡಬ್ಬಿಯನ್ನು ತೆರೆದು ಮುಚ್ಚುತ್ತಿದ್ದುದನ್ನು ಮಾಯಪ್ಪ ನೋಡಿದ. ಏನದು ಎಂದು ಕೈ ಚಾಚಿದ. ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದು, “ಇಷ್ಟ ಸಣ್ಣದ? ಇದು ನೀರ ಎಷ್ಟ ಎತ್ತತೈತಿ?” ಎಂದು ಗೇಲಿ ಮಾಡಿದ. ಅವಳು ಪಾತ್ರೆಯ ಕಥೆ, ಎರಡು ಕಡೆಯಿಂದ ಬಂದು ಡಿಕ್ಕಿ ಹೊಡೆಯುವ ಕಥೆ ಹೇಳಿದಳು. ಅಪ್ಪ ತಲೆಯಾಡಿಸುತ್ತ ಕೇಳಿದ. ಬಡಿದ ಮೇಲೆ ಏನಾಗುತ್ತದೆ ಎಂದು ಕೇಳಿದ. ಅದನ್ನೇ ನೋಡುವುದು ಎಂದಳು. ಆಮೇಲೆ, ಯಾಕೋ, ಮೇಡಂ ಅಂದ ಮಾತನ್ನೂ ಹೇಳಿದಳು. ನಗೆಚಾಟಿಕೆಯ ಹಾಗೆ, ಮೇಡಂ ದನಿಯನ್ನೇ ಅನುಕರಿಸಿ, ಮೈಸೂರಿನ ಕಡೆಯ ರಾಗ ತೆಗೆದು ಹೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ ಅಂದಳು. ಮಾಯಪ್ಪನೂ ನಕ್ಕ. ನಕ್ಕು, ಸುರುಳಿಯನ್ನು ಡಬ್ಬಿಯಲ್ಲಿಟ್ಟು, ಹಿಡಿಗೆ ಕೈ ಹಾಕಿದ.

“ದೊಡ್ಡವ್ರು ಅಂದ್ರ ಅನ್ಲಿ ಬಿಡವಾ. ತಿರುವಿ ಆಗಿದ್ರ ಎರಡ ವೈರ್ ಅದಲಬದಲ ಮಾಡಿ ಕೊಡು, ಮುಗೀತು. ಅದಕ್ಯಾಕ ಮಾರಿ ಸಣ್ಣ ಮಾಡ್ಕೊಂಡ ಕುಂತಿ?”

ಇದೇ. ಇದೇ ಆವತ್ತು ತನ್ನ ಬಾಯಲ್ಲಿ ಬಂದದ್ದು ಎಂದು ಅವಳಿಗೆ ಹೊಳೆಯಿತು. ಈ ಅಂಗಡಿಯಲ್ಲಿ ಮೋಟಾರು ಉಲ್ಟಾ ತಿರುಗಿದರೆ ಯಾರೂ ಗಾಬರಿಯಾಗುವುದಿಲ್ಲ. ಮೂರು ಫೇಸಿನ ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ಸರಿಯಾಗಿ ತಿರುಗುತ್ತದೆ. ಚಿಹ್ನೆ ತಿರುವುವುದು ಇಲ್ಲಿ ತಪ್ಪಲ್ಲ, ಮೋಸವೂ ಅಲ್ಲ, ದಿನದ ಕೆಲಸ. ತಿರುವಿ ಹಾಕುತ್ತೇನೆ ಮೇಡಂ ಎಂದಾಗ ಅವಳು ಅಪ್ಪನ ಮಗಳಾಗಿಯೇ ಮಾತಾಡಿದ್ದಳು. ಇನ್ಯಾವ ಮನೆಯಿಂದ ಬಂದವಳಾದರೂ ಇಷ್ಟು ಬೇಗ ಆ ಮಾತು ಆಡುತ್ತಿರಲಿಲ್ಲವೇನೊ.

ಹುಕ್ಕೇರಿಯ ಹತ್ತಿರ ಗೌರವ್ವ ಎಂಬವರ ತೋಟಕ್ಕೆ ಸುತ್ತಿ ಮುಗಿಸಿದ ಮೋಟಾರೊಂದನ್ನು ಒಯ್ಯುವುದಿತ್ತು. ಅಪ್ಪನ ಹಳೆಯ ಛೋಟಾ ಹಾಥಿ ಟೆಂಪೊದಲ್ಲಿ ಅವಳೂ ಹತ್ತಿ ಕೂತಳು, ಅಂಗಡಿಯಲ್ಲಿ ಒಬ್ಬಳೇ ಕೂತರೆ ಫೋನು ಬಿಡುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ ಗೋಕಾಕ ಬಂತು. ಕಾಲೇಜಿನ ಗೇಟಿನ ಮುಂದೆ ಹಾಯುವಾಗ ಅಪ್ಪ, ನಿನ್ನ ಕಾಲೇಜು, ಎಂದ. ಪ್ರತಿ ಸಲ ಹಾಗೇ ಅನ್ನುತ್ತಾನೆ. ಬಿ.ಎಸ್ಸಿ. ಮೂರು ವರ್ಷ ಅವಳು ಇಲ್ಲೇ ಓದಿದ್ದು. ಪ್ರ್ಯಾಕ್ಟಿಕಲ್ಲಿನಲ್ಲಿ ಮೂವರ ಗುಂಪು. ಇಬ್ಬರು ಹುಡುಗರು ವೈರ್ ಜೋಡಿಸುವುದು, ಇವಳು ರೀಡಿಂಗ್ ಬರೆದುಕೊಳ್ಳುವುದು. ಯಾರೂ ಬೇಡ ಅಂದಿರಲಿಲ್ಲ. ಹಣಮಂತ ಸರ್ ಹಿಂದೆ ಬಂದು ನಿಂತು, ನಿನ್ನ ಅಕ್ಷರ ಚೊಲೊ ಅದಾವ, ನೀ ಬರ್ಕೊ, ಅನ್ನುತ್ತಿದ್ದರು. ಹೊಗಳಿಕೆಯೇ. ಹೊಗಳಿಕೆಯನ್ನು ಬೇಡ ಅನ್ನುವುದು ಹೇಗೆ? ಮೂರು ವರ್ಷ ಮುಗಿದರೂ ಅವಳು ಒಂದು ಸರ್ಕಿಟ್ಟನ್ನೂ ಜೋಡಿಸಿರಲಿಲ್ಲ, ಅವಳ ಪುಸ್ತಕ ಮಾತ್ರ ಎಲ್ಲರ ಕೈಯಲ್ಲಿ ಓಡಾಡುತ್ತಿತ್ತು. ಅದು ಜಾತಿಯೋ, ಹುಡುಗಿ ಎಂದೋ, ನಿಜವಾಗಿ ಅಕ್ಷರವೋ, ಇಂದಿಗೂ ತಿಳಿದಿಲ್ಲ. ತಿಳಿಯದೇ ಇರುವುದೇ ಹೆಚ್ಚು ಕಾಡುತ್ತದೆ. ಆಮೇಲೆ ದೊಡ್ಡ ಲ್ಯಾಬಿಗೆ ಹೋಗಿ ಮೊದಲ ಸಲ ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಕೈಗೆ ಕೊಟ್ಟಾಗ, ಕೈಗೆ ಅದು ಮೊದಲೇ ಗೊತ್ತಿತ್ತು. ಆ ದಿನದ ಖುಷಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಗೌರವ್ವ ಅರವತ್ತು ದಾಟಿದ ಗಟ್ಟಿ ಹೆಂಗಸು. ಹಣೆಗೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬಾವಿಯ ಕಟ್ಟೆಯ ಮೇಲೆ ಮೋಟಾರು ಇಳಿಸುವಷ್ಟರಲ್ಲಿ ಥರ್ಮಾಸಿನಲ್ಲಿ ಚಹ ತಂದರು, ಜೊತೆಗೆ ಕಾಗದದ ಕಪ್ಪುಗಳು. ಕಪ್ಪು ಕಂಡದ್ದೇ ಆಮ್ರಪಾಲಿ ಅದರ ಅರ್ಥ ಓದಿಬಿಟ್ಟಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋದಲ್ಲೆಲ್ಲ ದನದ ಕೊಟ್ಟಿಗೆಯ ಗೂಡಿನಿಂದ ಬೇರೆ ಕಪ್ಪು ಇಳಿಯುತ್ತಿತ್ತು. ಈಗ ಕಾಗದ ಬಂದಿದೆ, ತೊಳೆಯುವ ತೊಂದರೆಯೂ ಇಲ್ಲ. ಅಪ್ಪ ಆರಾಮಾಗಿ ಕಪ್ಪು ತೆಗೆದುಕೊಂಡು ಕುಡಿಯತೊಡಗಿದ. ಮಗಳು ಏನು ಓದುತ್ತಾಳೆ ಎಂದು ಗೌರವ್ವ ಕೇಳಿದರು, ಅಪ್ಪ ಹೇಳಿದ್ದನ್ನು ಅರ್ಧ ಕೇಳಿ, ಶಾಣ್ಯಾ ಅದಾಳ ಅಂದರು. ಆಮೇಲೆ ತಮಗೂ ಚಹ ಬಗ್ಗಿಸಿಕೊಂಡರು. ಕಾಗದದ ಕಪ್ಪಿನಲ್ಲೇ. ನೀರು ತಿರುವುವ ಆಳಿಗೂ ಕಾಗದದ ಕಪ್ಪಿನಲ್ಲೇ ಕೊಟ್ಟರು. ಆಮ್ರಪಾಲಿ ತನ್ನ ಕೈಯ ಕಪ್ಪನ್ನು ತಿರುಗಿಸಿ ನೋಡಿದಳು. ತಾನು ಓದಿದ ದಿಕ್ಕು ತಪ್ಪೇ? ಇಲ್ಲಾ, ತಾವು ಬಂದಿದ್ದೇವೆ ಎಂದು ಎಲ್ಲರಿಗೂ ಕಾಗದವೇ? ತಾವಿಲ್ಲದಾಗ ಈಕೆ ಯಾವುದರಲ್ಲಿ ಕುಡಿಯುತ್ತಾಳೆ ಎಂದು ನೋಡಿದ್ದರೆ ಹೇಳಬಹುದಿತ್ತು. ಅದನ್ನು ನೋಡುವ ದಾರಿ ಇರಲಿಲ್ಲ. ಅಳೆಯುವ ಮೊದಲೇ ತಾನು ಉತ್ತರ ಬರೆದುಕೊಂಡಿದ್ದೆ ಎಂಬುದಂತೂ ಖರೆ.

ಪೈಪಿಗೆ ನೀರು ತುಂಬಿ, ವೈರ್ ಜೋಡಿಸಿ, ಅಪ್ಪ ಹೂಂ ಅಂದ. ಗೌರವ್ವ ತಾವೇ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರು. ಮೋಟಾರು ಚೆನ್ನಾಗಿಯೇ ಗುಂಯ್ ಅಂತು. ದನಿಯಲ್ಲಿ ಯಾವ ದೋಷವೂ ಇರಲಿಲ್ಲ. ಎಲ್ಲರೂ ಪೈಪಿನ ಬಾಯಿಯನ್ನು ನೋಡಿದರು. ಒಂದು ಬೆರಳ ಗಾತ್ರದ ನೀರು ಬಂದು, ತೊಟ್ಟಿಕ್ಕಿ, ನಿಂತಿತು. ತಿರುವಿ ಐತಿ, ಎಂದು ಅಪ್ಪ ಕೆಂಪು ಗುಂಡಿ ಒತ್ತಿದ. ನಗಲಿಲ್ಲ, ನಾಚಲಿಲ್ಲ. ಮುಚ್ಚಳ ಬಿಚ್ಚಿ ಎರಡು ವೈರುಗಳನ್ನು ಅದಲು ಬದಲು ಮಾಡಿದ. ಮತ್ತೆ ಗುಂಯ್, ಅದೇ ದನಿ. ಈ ಸಲ ಪೈಪು ಒಮ್ಮೆ ಕೆಮ್ಮಿ, ರಾಡಿ ಉಗುಳಿ, ಆಮೇಲೆ ತೊಡೆಯ ಗಾತ್ರದ ತಿಳಿನೀರನ್ನು ಕಾಲುವೆಗೆ ಎಸೆಯಿತು. ಗೌರವ್ವ ಬಗ್ಗಿ ಕೈ ತೊಳೆದುಕೊಂಡರು.

ಆಮ್ರಪಾಲಿ ಆ ನೀರನ್ನು ನೋಡುತ್ತ ನಿಂತಳು. ಉಲ್ಟಾ ತಿರುಗುವ ಮೋಟಾರು ನೀರು ಎತ್ತುವುದಿಲ್ಲ. ಇದು ಅವಳಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಮೇಡಂ ಅಂದದ್ದು ಶುದ್ಧ ತಪ್ಪು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ, ಆ ಕ್ಷಣದಲ್ಲೇ ಗೊತ್ತಿತ್ತು, ಆದರೂ ನಕ್ಕಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇನ್ನೊಂದೂ ಕಂಡಿತು. ಅಪ್ಪ ವೈರ್ ಬದಲಿಸಿದ್ದು ಪೈಪಿನ ಬಾಯಿ ನೋಡಿದ ಮೇಲೆ, ನೀರು ಬರಲಿಲ್ಲ ಎಂದು. ಲ್ಯಾಬಿನಲ್ಲಿ ಅವರು ತಿರುವಿದ್ದು ಏನನ್ನು ನೋಡಿ? ಅಲ್ಲಿ ಪೈಪಿನ ಬಾಯಿ ಇರಲಿಲ್ಲ. ಬೇಕಾದದ್ದು ಬರಲಿಲ್ಲ ಎಂದು ತಿರುವಿದ್ದರು. ಅಪ್ಪಾ, ವಾಪಸ್ ಹೋಗುವಾಗ ಕಾಲೇಜಿನ ಹತ್ತಿರ ಸ್ವಲ್ಪ ನಿಲ್ಲಿಸು ಎಂದಳು. ಯಾಕೆಂದು ಕೇಳಿದ್ದಕ್ಕೆ, ಈ ಸುರುಳಿ ತಿರುವಿ ಇದೆಯೋ ಇಲ್ಲವೋ ನೋಡಬೇಕು ಎಂದಳು.

ಗೋಕಾಕಿನ ಆ ಲ್ಯಾಬು ಬದಲಾಗಿರಲಿಲ್ಲ. ಅದೇ ಉದ್ದನೆಯ ಮೇಜುಗಳು, ಅದೇ ಗಾಜಿನ ಕಪಾಟು. ಹಣಮಂತ ಸರ್ ಒಬ್ಬರೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವಳನ್ನು ಕಂಡು ಎದ್ದೇ ನಿಂತರು, ನಮ್ಮ ಆಮ್ರಪಾಲಿ ಎಂದರು, ಖುಷಿ ಸುಳ್ಳಿನದಾಗಿರಲಿಲ್ಲ. ಈಗಿನ ಹುಡುಗರಿಗೆ ನಿನ್ನ ಪ್ರ್ಯಾಕ್ಟಿಕಲ್ ಪುಸ್ತಕ ತೋರಿಸುತ್ತೇನೆ, ಅಂಥ ಅಕ್ಷರ ಮತ್ತೆ ಬರಲಿಲ್ಲ ಎಂದರು. ಅವಳು ಬ್ಯಾಟರಿ, ದಿಕ್ಸೂಚಿ, ಎರಡು ತುಂಡು ವೈರು ಕೇಳಿದಳು. ಯಾಕೆ ಏನು ಎಂದು ವಿಚಾರಿಸುತ್ತಲೇ ಸರ್ ಕಪಾಟಿನಿಂದ ಎಲ್ಲ ತಂದು ಮೇಜಿನ ಮೇಲೆ ಹರಡಿದರು. ಆಮೇಲೆ, ಕೈಗೆ ಅಭ್ಯಾಸವಾದ ಕೆಲಸ, ಜೇಬಿನಿಂದ ಪೆನ್ನು ತೆಗೆದು ಅವಳ ಕಡೆ ಚಾಚಿ, ಇನ್ನೊಂದು ಕೈಯನ್ನು ವೈರಿನ ಮೇಲಿಟ್ಟರು.

“ನೀ ಬರ್ಕೊ. ನಾ ಜೋಡಸ್ತೇನಿ.”

ಅವಳು ಪೆನ್ನು ಹಿಡಿದಳು ಕೂಡ. ಬೆರಳುಗಳು ತಾವಾಗಿಯೇ ಹಿಡಿದವು. ಅದನ್ನು ಕಂಡು ಅವಳಿಗೆ ಸಿಟ್ಟು ಬಂತು, ಸರ್ ಮೇಲಲ್ಲ, ಆ ಬೆರಳುಗಳ ಮೇಲೆ. ಪೆನ್ನನ್ನು ಅವರ ಮುಂದೆ ಇಟ್ಟಳು.

“ನಾ ಜೋಡಸ್ತೇನ್ರಿ ಸರ್. ನೀವ ಬರ್ಕೋರಿ.”

ಸರ್ ಅವಳ ಮುಖ ನೋಡಿದರು. ಆಮೇಲೆ ಪೆನ್ನಿನ ಟೋಪಿ ತೆಗೆದು, ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂಬದಿಯನ್ನು ಎಳೆದುಕೊಂಡರು. ಅವಳು ಮೇಜಿನ ಮೇಲಿದ್ದ ಕಬ್ಬಿಣವನ್ನೆಲ್ಲ ದೂರ ಸರಿಸಿ, ಸೂಜಿ ನಿಲ್ಲುವವರೆಗೆ ಕಾದಳು. ಸುರುಳಿಯನ್ನು ಅದರ ಬಗಲಿಗೆ ತಂದು, ಮುಖವನ್ನು ಸೂಜಿಯ ಕಡೆಗೆ ಮಾಡಿ, ಮೇಣದಲ್ಲಿ ಅಂಟಿಸಿದಳು. ಋಣದ ವೈರನ್ನು ಒಂದು ತುದಿಗೆ ಸುತ್ತಿ, ಧನದ ವೈರನ್ನು ಕೆಂಪು ಚುಕ್ಕೆಗೆ ಮುಟ್ಟಿಸಿದಳು. ಸೂಜಿಯ ಉತ್ತರದ ತುದಿ ಅಲುಗಿ, ತೂಗಿ, ಸುರುಳಿಯಿಂದ ದೂರಕ್ಕೆ ಸರಿದು ನಿಂತಿತು.

“ದೂರ,” ಎಂದಳು. ಸರ್ ಬರೆದುಕೊಂಡರು. ವೈರುಗಳನ್ನು ಅದಲು ಬದಲು ಮಾಡಿ ಮತ್ತೆ ಮುಟ್ಟಿಸಿದಳು. ಸೂಜಿ ಈಗ ಸುರುಳಿಯ ಹತ್ತಿರ ಬಂತು. ಹತ್ತಿರ, ಎಂದಳು. ಸರ್ ಅದನ್ನೂ ಬರೆದುಕೊಂಡರು. ಅವರ ಅಕ್ಷರ ಬಹಳ ಕೆಟ್ಟದಾಗಿತ್ತು. ಮತ್ತೊಮ್ಮೆ, ಇನ್ನೊಮ್ಮೆ ಮಾಡಿದಳು. ಕೆಂಪಿಗೆ ಧನ ಕೊಟ್ಟಾಗಲೆಲ್ಲ ದೂರ. ನಕ್ಷೆಯಲ್ಲಿ ಇದ್ದ ಹಾಗೆಯೇ. ಅವಳ ಕೈ ತಪ್ಪಿರಲಿಲ್ಲ.

ಸಂತೋಷವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಮೊದಲು ಬಂದದ್ದು ಅಳು, ಅದನ್ನು ನುಂಗಿದಳು. ಆಮೇಲೆ ಬಂದ ಯೋಚನೆ ಅಳುವಿಗಿಂತ ಕೆಟ್ಟದಾಗಿತ್ತು. ಎರಡು ಗೆರೆಗಳು ವಿರುದ್ಧವಾಗಿ ಬಂದರೆ ಒಂದೋ ಹರಿವುಗಳೇ ವಿರುದ್ಧ ಕ್ಷೇತ್ರ ಹೊತ್ತು ಬರುತ್ತಿವೆ, ಗೋಡೆ ಇಲ್ಲ. ಇಲ್ಲವೇ ಒಂದು ಸುರುಳಿ 'ತಿರುವಿ' ಇದೆ. ಬಲದ್ದಲ್ಲ ಎಂದರೆ ಎಡದ್ದು. ಗುರುರಾಜ ಸುತ್ತಿದ್ದು. ಅದನ್ನು ಯಾರೂ ಅನುಮಾನಿಸಿರಲಿಲ್ಲ. ಎಡದ್ದನ್ನು ಒಮ್ಮೆ ನೋಡೋಣ ಎಂದು ಆ ಮೀಟಿಂಗಿನಲ್ಲಿ ಒಬ್ಬರೂ ಅನ್ನಲಿಲ್ಲ. ಮೇಡಂ ಅನ್ನಲಿಲ್ಲ ಎಂಬುದು ಇರಲಿ, ಅವಳ ತಲೆಗೂ ಇಷ್ಟು ದಿನ ಅದು ಬಂದಿರಲಿಲ್ಲ. ತನ್ನ ಕೈಯನ್ನು ಹಗಲೂ ರಾತ್ರಿ ಕಟಕಟೆಗೆ ಹತ್ತಿಸಿದವಳು ಆ ಇನ್ನೊಂದು ಕೈಯನ್ನು ಒಂದು ಸಲವೂ ನೋಡಿರಲಿಲ್ಲ. ಏನಾತು, ಸರಿ ಬಂತೇನು ಎಂದು ಸರ್ ಕೇಳಿದರು. ಬಂತ್ರಿ ಎಂದಳು. ಅವರು ಬರೆದ ಹಾಳೆಯನ್ನು ಮಡಚಿ ಕೊಟ್ಟರು. ಬಾಗಿಲವರೆಗೆ ಬಂದು, ಮುಂದಿನ ಸಲ ಬಂದಾಗ ಹುಡುಗರಿಗೆ ಇದನ್ನೇ ಮಾಡಿ ತೋರಿಸು ಎಂದರು, ಅವಳ ಮುಖ ನೋಡದೆ.

ಕಾಲೇಜಿನ ಕಟ್ಟೆಯ ಮೇಲೆ ನಿಂತು ಗುಂಪಿನ ಎಲ್ಲರಿಗೂ ಮೇಲ್ ಬರೆದಳು. ಒಪ್ಪಿಗೆ ಇಲ್ಲ. ಬಲಗಡೆಯ ಸುರುಳಿ ನಕ್ಷೆಯ ಪ್ರಕಾರವೇ ಇತ್ತು, ಅದೇ ದಿನ ಸುತ್ತಿದ ಅದರ ಜೋಡಿ ಸುರುಳಿಯನ್ನು ಪರೀಕ್ಷಿಸಿದ್ದೇನೆ. ನಾನು ತಿರುವಿದ ಚಿಹ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎಡಗಡೆಯದನ್ನು ಪರೀಕ್ಷಿಸಬೇಕು. ಕಳಿಸಿ ಕೆಲವೇ ಹೊತ್ತಿಗೆ ಫೋನು ಬಂತು. ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಕಾಲೇಜು ಲ್ಯಾಬಿನ ದಿಕ್ಸೂಚಿ ನಂಬಿಕೊಂಡು ಮಾತಾಡ್ತಾ ಇದೀಯ ಎಂದರು. ಹೌದು ಮೇಡಂ ಎಂದಳು. ಬಂದ ಮೇಲೆ ಮಾತಾಡಬಹುದಿತ್ತು, ಎಲ್ಲರಿಗೂ ಹೋಗುವ ಹಾಗೆ ಬರೆಯಬೇಕಾಗಿರಲಿಲ್ಲ ಎಂದರು. ಆಮೇಲೆ ಆ ಕಡೆ ಕಾಗದ ಮಗುಚುವ ಸದ್ದು. ಲೆಕ್ಕ ಹಾಕುತ್ತಿದ್ದಾರೆ ಎಂದು ಗೊತ್ತಾಯಿತು, ಒಳ್ಳೆಯ ವಿಜ್ಞಾನಿ ಅವರು, ತಲುಪಬೇಕಾದಲ್ಲಿಗೆ ತಲುಪಿದರು.

“ಗುರುರಾಜನ ಕಾಯಿಲ್ ತಪ್ಪಿದ್ರೆ ನಾಲ್ಕು ವರ್ಷದ್ದೆಲ್ಲ ಹೋಗುತ್ತೆ, ಗೊತ್ತಾ ನಿಂಗೆ?”

“ಗೊತ್ತು ಮೇಡಂ. ಅದು ಸರಿ ಇದ್ರೆ ಗೋಡೆ ಹೋಗುತ್ತೆ.”

ಸೋಮವಾರ ಬಾ ಎಂದು ಮೇಡಂ ಫೋನು ಇಟ್ಟರು. ಕಳಿಸುತ್ತೇನೆ ಎಂದೂ ಅನ್ನಲಿಲ್ಲ, ಕಳಿಸುವುದಿಲ್ಲ ಎಂದೂ ಅನ್ನಲಿಲ್ಲ. ತನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಅದೂ ತಿಳಿಯಲಿಲ್ಲ. ಭಯವಾಯಿತು. ಆದರೆ ಅದು ಎದುರಿಗೆ ಕಾಣುವ ಭಯ, ಒಳಗೊಳಗೇ ಕೊರೆಯುವಂಥದಲ್ಲ.

ಗೇಟಿನ ಹೊರಗೆ ಅಪ್ಪ ಗಾಡಿಯಲ್ಲೇ ಕೂತು ಕರದಂಟು ತಿನ್ನುತ್ತಿದ್ದ. ಅವಳಿಗೂ ಒಂದು ತುಂಡು ಎತ್ತಿಟ್ಟಿದ್ದ. ಗಾಡಿ ಹೊರಟಿತು. ಊರು ದಾಟಿ ಹೊಳೆಯ ಸೇತುವೆ ಬಂತು.

“ತಿರುವಿ ಇತ್ತೇನ?” ಎಂದ ಅಪ್ಪ.

“ಇಲ್ಲಪಾ. ಸರಿ ಐತಿ. ಮೊದಲಿಂದನೂ ಸರಿ ಇತ್ತು.”

ಮಾಯಪ್ಪ ತಲೆಯಾಡಿಸಿದ. ಮುಂದೆ ಕಬ್ಬಿನ ಟ್ರ್ಯಾಕ್ಟರು ಹೋಗುತ್ತಿತ್ತು, ಅದನ್ನು ದಾಟಲು ಹೋಗದೆ ಹಿಂದೆಯೇ ನಡೆಸಿದ.

“ಮತ್ತ ಅವತ್ತ ನೀ ಯಾಕ ನಕ್ಕಿ?”

ಅವಳ ಕೈಯಲ್ಲಿದ್ದ ಕರದಂಟಿನ ತುಂಡು ಬೆರಳಿಗೆ ಅಂಟಿಕೊಂಡಿತ್ತು. ಕಿಟಕಿಯ ಹೊರಗೆ ನೋಡುತ್ತ ಕೂತಳು. ಟ್ರ್ಯಾಕ್ಟರು ಹೊಲದ ದಾರಿಗೆ ತಿರುಗಿ, ರಸ್ತೆ ಖಾಲಿಯಾಯಿತು. ಅಪ್ಪ ಗೇರು ಬದಲಿಸಿದ.

“ತಿರುವಿ ಮೋಟಾರ್ ನೀರ ಎತ್ತೂದಿಲ್ಲಂತ ನನಗೂ ಗೊತ್ತಿತ್ತು,” ಎಂದ, ರಸ್ತೆಯನ್ನೇ ನೋಡುತ್ತ. “ಮುಂಜಾನಿ ನಾನೂ ನಕ್ಕೆ.”